ಬೆಲೆ ಬಿದ್ದಾಗ ಯಾವ ಮಂತ್ರಿಯ ಬಾಗಿಲು ತಟ್ಟಬೇಕು?

ಈ ವಾರ ಗೊಬ್ಬರ, ಕೊಳೆರೋಗ, ಬುಡ ಬಿಡಿಸೋದು ಎಲ್ಲ ಸ್ವಲ್ಪ ಬದಿಗಿಡೋಣ. ಬೆಲೆ ಬಿದ್ದಾಗ ನಮ್ಮಲ್ಲಿ ಒಂದು ರೂಢಿ ಇದೆ. ತಾಲ್ಲೂಕು ಕಚೇರಿ ಎದುರು ಧರಣಿ, ತಹಸೀಲ್ದಾರರ ಕೈಗೆ ಮನವಿ, ಮನವಿಯ ತಲೆಯಲ್ಲಿ "ಮಾನ್ಯ ಕೃಷಿ ಸಚಿವರಿಗೆ" ಅಂತ ಒಕ್ಕಣೆ. ಮರುದಿನ ಪೇಪರಿನಲ್ಲಿ ಫೋಟೊ. ಅಡಿಕೆ, ಮೆಣಸು, ಈರುಳ್ಳಿಯ ಮಟ್ಟಿಗೆ ಇದು ವಿಳಾಸ ತಪ್ಪಿದ ಕಾಗದ ಅನ್ನೋದು ನನ್ನ ಅಭಿಪ್ರಾಯ.

ಸಂವಿಧಾನದಲ್ಲಿ ಕೃಷಿ ರಾಜ್ಯಪಟ್ಟಿಯ ವಿಷಯ, ವಿದೇಶ ವ್ಯಾಪಾರ ಕೇಂದ್ರಪಟ್ಟಿಯ ವಿಷಯ. ಹೊರಗಿನಿಂದ ಯಾವ ಸರಕು ಒಳಗೆ ಬರಬೇಕು, ನಮ್ಮದು ಯಾವುದು ಹೊರಗೆ ಹೋಗಬಹುದು ಅನ್ನೋದನ್ನು 1992ರ ವಿದೇಶ ವ್ಯಾಪಾರ ಕಾಯ್ದೆಯಡಿ ಕೇಂದ್ರ ಸರ್ಕಾರ ಒಂದು ಗೆಜೆಟ್ ಅಧಿಸೂಚನೆಯಲ್ಲಿ ತೀರ್ಮಾನಿಸಬಹುದು. ಆ ಅಧಿಸೂಚನೆ ಹೊರಡೋದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ, ಅಂದರೆ ಡಿಜಿಎಫ್‌ಟಿಯಿಂದ. ಅದು ಇರೋದು ವಾಣಿಜ್ಯ ಮತ್ತು ಕೈಗಾರಿಕಾ ಸಚಿವರ ಕೈಕೆಳಗೆ. 2019ರಿಂದ ಆ ಕುರ್ಚಿಯಲ್ಲಿ ಪೀಯೂಷ್ ಗೋಯಲ್ ಇದ್ದಾರೆ. ಕಾಫಿ ಮಂಡಳಿ, ಸಾಂಬಾರ ಮಂಡಳಿ, ರಬ್ಬರ್ ಮಂಡಳಿ ಮೂರೂ ಅದೇ ಸಚಿವಾಲಯದವು. ಕೃಷಿ ಸಚಿವಾಲಯದವಲ್ಲ. ಇಷ್ಟು ಗೊತ್ತಿರುವ ಬೆಳೆಗಾರರು ನನ್ನ ಊರಿನಲ್ಲಿ ಬೆರಳೆಣಿಕೆಯಷ್ಟು.

ನಮ್ಮಂಥ ಸಾವಯವದವರಿಗೆ ಇನ್ನೂ ಒಂದು ಗಂಟು ಇದೆ. ಪಿಜಿಎಸ್ ಪ್ರಮಾಣಪತ್ರ ಕೃಷಿ ಸಚಿವಾಲಯದ್ದು. ರಫ್ತಿಗೆ ಬೇಕಾಗುವ ಎನ್‌ಪಿಒಪಿ ಪ್ರಮಾಣಪತ್ರ ಮಾತ್ರ ವಾಣಿಜ್ಯ ಸಚಿವಾಲಯದ ಅಪೆಡಾ ನಡೆಸುವ ವ್ಯವಸ್ಥೆ. ಒಂದೇ ತೋಟ, ಅದೇ ಸಗಣಿ, ಅದೇ ಎರೆಹುಳು. ಕೇಳುವ ಮಂತ್ರಿ ಮಾತ್ರ ಬೇರೆ!

ಈಗ ಅಡಿಕೆಗೆ ಬರೋಣ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿಂದ 351ಕ್ಕೆ ಏರಿಸಿದರು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ಒಳಗೆ ಬರುವಂತಿಲ್ಲ. ಊರಲ್ಲೆಲ್ಲ ಖುಷಿಯೋ ಖುಷಿ. ಆದರೆ ಅದಕ್ಕೆ ಐದು ತಿಂಗಳು ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಮಿತಿ ಇಲ್ಲದೆ ತರಿಸಲು ಒಪ್ಪಿಗೆ ಕೊಟ್ಟಿದ್ದೂ ಇದೇ ಕಚೇರಿ. ಎರಡೂ ಒಂದೊಂದು ಹಾಳೆಯ ಆದೇಶ. ಒಂದಕ್ಕೆ ಸನ್ಮಾನ, ಇನ್ನೊಂದಕ್ಕೆ ಪ್ರತಿಭಟನೆ ಮಾಡಿ ಸುಮ್ಮನಾದೆವು. ನೆರೆದೇಶದ ಸ್ನೇಹ ಬೇಡ ಅಂತ ನಾನು ಹೇಳೋದಿಲ್ಲ. ಆ ಸ್ನೇಹದ ಖರ್ಚು ಯಾರ ತೋಟದಿಂದ ಹೋಗುತ್ತದೆ ಅಂತ ಲೆಕ್ಕ ಕೇಳಬೇಕು, ಅಷ್ಟೆ.

ಮೆಣಸಿನ ಕಥೆ ಇದಕ್ಕಿಂತ ಪಾಠ ಕಲಿಸುವಂಥದ್ದು. ಆಸಿಯಾನ್ ಒಪ್ಪಂದ 2010ರಲ್ಲಿ ಜಾರಿಗೆ ಬಂತು. ಮೆಣಸಿನ ಆಮದು ಸುಂಕ 70 ಶೇಕಡಾದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2019ಕ್ಕೆ 50ಕ್ಕೆ ನಿಲ್ಲಬೇಕು ಅಂತ ಮೊದಲೇ ಬರೆದಿದ್ದರು. ಶ್ರೀಲಂಕಾ ಒಪ್ಪಂದ ಬೇರೆ ಇದೆ, ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಅಂತ ಬೆಳೆಗಾರರ ಸಂಘಗಳು ಕೂಗಿದ್ದು ಇದಕ್ಕೇ. 2016ರಲ್ಲಿ 700 ರೂಪಾಯಿ ಆಸುಪಾಸಿನಲ್ಲಿದ್ದ ಮೆಣಸು 2017ರ ಕೊನೆಗೆ 400ರ ಹತ್ತಿರ ಬಂತು. ಆ ಡಿಸೆಂಬರಿನಲ್ಲಿ ವಾಣಿಜ್ಯ ಸಚಿವಾಲಯ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು.

ಬೆಲೆ ಎದ್ದಿತಾ? ಇಲ್ಲ. 2018ರಲ್ಲೂ ಇಳಿಯುತ್ತಲೇ ಹೋಯಿತು. ಕನಿಷ್ಠ ಆಮದು ಬೆಲೆ ಅನ್ನೋದು ಬೇಲಿ ಇದ್ದ ಹಾಗೆ. ಬೇಲಿ ಹಾಕಿದರೆ ಸಾಲದು, ತಡೆಗಂಡಿಯಲ್ಲಿ ಕಾವಲೂ ಇರಬೇಕು. ಬಿಲ್ಲಿನಲ್ಲಿ ಬೆಲೆ ಏರಿಸಿ ತೋರಿಸಿದರೆ ಅಗ್ಗದ ಮೆಣಸೂ 500ರ ಮೆಣಸಾಗಿಬಿಡುತ್ತದೆ. ಬಂದರಿನಲ್ಲಿ ಅದನ್ನು ಹಿಡಿಯಬೇಕಾದ ಕಸ್ಟಮ್ಸ್ ಇಲಾಖೆ ಹಣಕಾಸು ಸಚಿವಾಲಯದ್ದು. ತರಿಸಿ, ಎಣ್ಣೆ ತೆಗೆದು, ಮತ್ತೆ ಹೊರಗೆ ಕಳಿಸುವ ರಫ್ತು ಘಟಕಗಳಿಗೆ ಈ ಮಿತಿಯಿಂದ ವಿನಾಯಿತಿ ಇದೆ. ಹಾಗೆ ಬಂದ ಮೆಣಸು ಪೂರ್ತಿ ಹೊರಗೆ ಹೋಯಿತಾ, ಅರ್ಧ ಇಲ್ಲೇ ಉಳಿಯಿತಾ? ಕೇಳಬೇಕಾದ ಪ್ರಶ್ನೆ ಅದು. ಬೇಲಿ ಇನ್ನೂ ಎತ್ತರ ಮಾಡಿ ಅಂತ ಮಾತ್ರ ಕೇಳುತ್ತಾ ಕೂತರೆ ಪ್ರಯೋಜನ ಕಡಿಮೆ.

ಒಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಾವು ಶಪಿಸುವ ಆಸಿಯಾನ್ ಒಪ್ಪಂದ ಕನಿಷ್ಠ ಒಂಬತ್ತು ವರ್ಷದ ವಾಯಿದೆ ಕೊಟ್ಟಿತ್ತು. ಮೆಣಸಿನ ಬಳ್ಳಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಸುಂಕ ಎಲ್ಲಿಗೆ ಬರುತ್ತದೆ ಅಂತ ನೋಡಿ ನೆಡುವ ಅವಕಾಶವಾದರೂ ಇತ್ತು. ರೈತನ ಸೊಂಟ ಮುರಿಯೋದು ರಾತ್ರೋರಾತ್ರಿ ಬರುವ ಒಂದು ಹಾಳೆಯ ಆದೇಶ.

ನನ್ನ ಜೊತೆ ತೋಟಗಾರಿಕೆ ಓದಿದ ಗೆಳೆಯನೊಬ್ಬ ಚಿಕ್ಕಬಳ್ಳಾಪುರದ ಕಡೆ ಗುಲಾಬಿ ಈರುಳ್ಳಿ, ಅದೇ ಬೆಂಗಳೂರು ರೋಸ್, ಬೆಳೆಯುತ್ತಾನೆ. ಭೌಗೋಳಿಕ ಸೂಚಿಕೆ ಇರುವ ಬೆಳೆ ಅದು. ಗೆಡ್ಡೆ ಸಣ್ಣದು, ಖಾರ ಜಾಸ್ತಿ, ಸ್ಥಳೀಯ ಮಾರ್ಕೆಟ್ಟಿನಲ್ಲಿ ಕೇಳುವವರು ಕಡಿಮೆ. ಅದು ಹೋಗೋದು ಮಲೇಷ್ಯಾ, ಸಿಂಗಾಪುರದ ಕಡೆಗೆ. ಹೀಗಿದ್ದರೂ ದೆಹಲಿಯಲ್ಲಿ ಈರುಳ್ಳಿ ತುಟ್ಟಿಯಾದಾಗಲೆಲ್ಲ ಇದಕ್ಕೂ ಬೀಗ. 2020ರ ಸೆಪ್ಟೆಂಬರಿನಲ್ಲಿ ನಿಷೇಧ ಬಂತು, ಆಮೇಲೆ ಅಕ್ಟೋಬರಿನಲ್ಲಿ 10,000 ಟನ್ ಮಾತ್ರ, ಅದೂ ಚೆನ್ನೈ ಬಂದರಿನಿಂದ ಮಾತ್ರ ಕಳಿಸಬಹುದು ಅಂದರು. 2023ರ ಆಗಸ್ಟಿನಲ್ಲಿ 40 ಶೇಕಡಾ ರಫ್ತು ಸುಂಕ. ಸೆಪ್ಟೆಂಬರ್ ಕೊನೆಗೆ, ರಾಜ್ಯ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಗುಲಾಬಿ ಈರುಳ್ಳಿಗೆ ಸುಂಕ ಇಲ್ಲ ಅಂತಾಯಿತು. ನಿಟ್ಟುಸಿರು ಬಿಡುವಷ್ಟರಲ್ಲಿ, ಡಿಸೆಂಬರ್ 8ರಿಂದ ಎಲ್ಲ ಈರುಳ್ಳಿಯ ರಫ್ತು ಬಂದ್. ಅದು ತೆರೆದದ್ದು 2024ರ ಮೇ ತಿಂಗಳಲ್ಲಿ.

ಆ ಡಿಸೆಂಬರಿನ ಆದೇಶವನ್ನು ಓದಿ ನೋಡಿ. ಹಡಗಿಗೆ ತುಂಬಲು ಶುರುವಾಗಿದ್ದ ಸರಕಿಗೆ ವಿನಾಯಿತಿ ಇತ್ತು. ಕಸ್ಟಮ್ಸಿಗೆ ಒಪ್ಪಿಸಿಯಾಗಿದ್ದ ಸರಕಿಗೂ ಇತ್ತು. ವ್ಯಾಪಾರಿಯ ಕೈಯಲ್ಲಿದ್ದ ಈರುಳ್ಳಿಗೆ ದಾರಿ ಬಿಟ್ಟರು. ಹೊಲದಲ್ಲಿದ್ದ ಈರುಳ್ಳಿಗೆ ಒಂದು ಸಾಲೂ ಇಲ್ಲ.

ಆಗ ವಾಣಿಜ್ಯ ಸಚಿವರೂ, ಗ್ರಾಹಕ ವ್ಯವಹಾರ ಮತ್ತು ಆಹಾರ ಸಚಿವರೂ ಒಬ್ಬರೇ ಆಗಿದ್ದರು ಅನ್ನೋದು ನಮ್ಮಲ್ಲಿ ಚರ್ಚೆಗೇ ಬರಲಿಲ್ಲ. ಹೊರಗೆ ಮಾರಿಸಬೇಕಾದವರೂ ಅವರೇ, ಒಳಗೆ ಅಗ್ಗವಾಗಿಡಬೇಕಾದವರೂ ಅವರೇ. ನಗರದ ಕೂಲಿಯವರಿಗೆ ಈರುಳ್ಳಿ ಕೈಗೆಟುಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರ ವಾದ ಕೇಳಿ ತೀರ್ಪು ಕೊಡಬೇಕಾದ ಜಾಗದಲ್ಲಿ ವಾದ ಮಾಡುವವರೇ ಒಬ್ಬರಾದರೆ ಬೆಳೆಗಾರನ ಪರ ಮಾತಾಡೋರು ಯಾರು? 2024ರ ಜೂನಿನಿಂದ ಗ್ರಾಹಕ ವ್ಯವಹಾರ ಖಾತೆ ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರ ಬಳಿ ಇದೆ. ಈಗಲಾದರೂ ಎರಡು ಬಾಗಿಲು ಆದವು, ಒಂದು ನಮ್ಮ ರಾಜ್ಯದವರದ್ದೇ.

ವಾಯಿದೆಯ ಮಾತಿಗೆ ಇನ್ನೊಂದು ಹೋಲಿಕೆ. ಅಪೆಡಾ ಮಾನ್ಯತೆಯ ಸಂಸ್ಥೆಗಳು ಕೊಡುತ್ತಿದ್ದ ಸಾವಯವ ಪ್ರಮಾಣಪತ್ರವನ್ನು ಒಪ್ಪುವ ಏರ್ಪಾಟನ್ನು ಅಮೆರಿಕ 2021ರ ಜನವರಿಯಲ್ಲಿ ಕೈಬಿಟ್ಟಿತು. ನಮಗೆ ಕಹಿ ಸುದ್ದಿಯೇ. ಆದರೂ ಹೊಸ ವ್ಯವಸ್ಥೆಗೆ ಬದಲಾಗಲು 18 ತಿಂಗಳು ಕೊಟ್ಟರು. ಪರದೇಶದವರು ನಮ್ಮ ಬೆಳೆಗಾರರಿಗೆ ಒಂದೂವರೆ ವರ್ಷ ಕೊಡ್ತಾರೆ, ನಮ್ಮವರು ಒಂದು ರಾತ್ರಿ. ಗುಲಾಬಿ ಈರುಳ್ಳಿ ನೆಲದಲ್ಲಿ ಇರೋದು ಸುಮಾರು ಮೂರು ತಿಂಗಳು. ಅಷ್ಟು ಮುಂಚಿತ ಸೂಚನೆಯನ್ನಾದರೂ ವಾಣಿಜ್ಯ ಸಚಿವರಿಂದ ಕೇಳೋದು ದುರಾಸೆಯಲ್ಲ. ಅದಕ್ಕಿಂತ ಸುಲಭದ್ದು, ಗುಲಾಬಿ ಈರುಳ್ಳಿಯನ್ನು ಇಂಥ ನಿಷೇಧಗಳಿಂದ ಖಾಯಂ ಆಗಿ ಹೊರಗಿಡೋದು. ಬೇರೆ ಈರುಳ್ಳಿ ಇದರ ಹೆಸರಲ್ಲಿ ಹೋಗುತ್ತದೆ ಅನ್ನೋ ಭಯಕ್ಕೆ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದ ವ್ಯವಸ್ಥೆಯನ್ನು 2023ರಲ್ಲಿ ಅವರೇ ಮಾಡಿಟ್ಟಿದ್ದಾರಲ್ಲ.

ಹಾಗಾಗಿ ಮುಂದಿನ ಮನವಿ ಬರೆಯುವಾಗ ಒಂದಷ್ಟು ಗಮನಿಸಿ. ಕನಿಷ್ಠ ಆಮದು ಬೆಲೆ, ನಿಷೇಧ, ಕೋಟಾ ಇವು ವಾಣಿಜ್ಯ ಸಚಿವರಿಗೆ. ಆಮದು ಸುಂಕ, ರಫ್ತು ಸುಂಕದ ಆದೇಶ ಹೊರಡಿಸೋದು ಹಣಕಾಸು ಸಚಿವಾಲಯ, ಅದಕ್ಕೆ ಬೇರೆ ಪ್ರತಿ ಹಾಕಿ. ಬೆಳೆಯ ಹೆಸರಿನ ಪಕ್ಕ ಎಚ್‌ಎಸ್ ಸಂಕೇತ ಬರೆಯಿರಿ: ಅಡಿಕೆಗೆ 080280, ಮೆಣಸಿಗೆ 090411, ಈರುಳ್ಳಿಗೆ 070310. ದೆಹಲಿಯ ಗುಮಾಸ್ತರಿಗೆ ನಮ್ಮ ಕಣ್ಣೀರಿಗಿಂತ ಆ ನಂಬರು ಬೇಗ ಅರ್ಥವಾಗುತ್ತದೆ. ಯಾವ ತಾರೀಖಿನ ಅಧಿಸೂಚನೆ, ಅದರಲ್ಲಿ ಯಾವ ಸಾಲು ಬದಲಾಗಬೇಕು ಅಂತ ಹೇಳಿ. ಡಿಜಿಎಫ್‌ಟಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲೇ ಇದೆ, ಅಲ್ಲಿಗೂ ಒಂದು ಪ್ರತಿ ಇರಲಿ. ನಮ್ಮ ಬೆಳೆಗಾರರ ಗುಂಪಿನಿಂದ ಮೆಣಸಿನ ಮರುರಫ್ತಿನ ಲೆಕ್ಕ ಕೇಳಿ ಇಂಥದ್ದೊಂದು ಪತ್ರ ತಯಾರಾಗುತ್ತಿದೆ. ಕೊಯ್ಲು ಶುರುವಾಗುವ ಮೊದಲೇ ಕಳಿಸಬೇಕು, ಸಹಿ ಹಾಕುವವರು ಈ ತಿಂಗಳೊಳಗೆ ತಿಳಿಸಿ.