ಕಾವಲುಗಾರನ ಒಲೆ

1882ರಲ್ಲಿ ಇಟಲಿಯ ಮೆಸಿನಾದಲ್ಲಿ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್ ಅವರು ನಕ್ಷತ್ರಮೀನಿನ ಮರಿಯೊಂದರ ಮೈಗೆ ಮುಳ್ಳು ಚುಚ್ಚಿ ನೋಡಿದರು. ಮರುದಿನ ಆ ಮುಳ್ಳನ್ನು ಸಣ್ಣ ಜೀವಕೋಶಗಳು ಮುತ್ತಿಕೊಂಡಿದ್ದವು. ಒಳನುಗ್ಗಿದ ವೈರಿಯನ್ನು ನುಂಗುವ ಕಾವಲುಗಾರರು ಇವೇ ಎಂದು ಅವರು ತರ್ಕಿಸಿದರು. ಅಂತಹ ಭಕ್ಷಕ ಕೋಶಗಳು ನಮ್ಮ ದೇಹದಲ್ಲಿಯೂ ಇವೆ.

ಆದರೆ ನುಂಗಿದ ಮಾತ್ರಕ್ಕೆ ವೈರಿ ಸಾಯುವನೆ? ಕ್ಷಯದ ರೋಗಾಣು ಭಕ್ಷಕನ ಹೊಟ್ಟೆಯಲ್ಲಿಯೇ ಬಿಡಾರ ಹೂಡಿ, ಅಲ್ಲಿಯ ಕೊಬ್ಬನ್ನುಂಡು ಬಾಳಬಲ್ಲದು. ಅದನ್ನು ಎದುರಿಸಲು ಕೋಶವು ತನ್ನ ಒಲೆಯ ಕ್ರಮವನ್ನೇ ಬದಲಿಸುತ್ತದೆ. ಶಾಂತಿಕಾಲದಲ್ಲಿ ಸಕ್ಕರೆಯನ್ನು ಆಮ್ಲಜನಕದೊಡನೆ ಪೂರ್ತಿ ಉರಿಸಿ, ಗ್ಲೂಕೋಸಿನ ಒಂದು ಅಣುವಿನಿಂದ ಎಟಿಪಿ ಎಂಬ ಶಕ್ತಿದಾಯಕ ಅಣುಗಳನ್ನು ಸುಮಾರು 30ರಷ್ಟು ಪಡೆಯುತ್ತದೆ. ಯುದ್ಧಕಾಲದಲ್ಲಾದರೋ ಬಹುಪಾಲು ಸಕ್ಕರೆಯನ್ನು ಅರೆಬರೆ ಉರಿಸಿ, 2ಕ್ಕೇ ತೃಪ್ತಿಪಡುತ್ತದೆ. ಇದು ದುಂದಲ್ಲ. ಈ ಉರಿ ಬೇಗ ಹತ್ತುತ್ತದೆ. ಮೇಲಾಗಿ, ಹಳೆಯ ಒಲೆಗೆ ಸಲ್ಲಬೇಕಾಗಿದ್ದ ಸಾಮಗ್ರಿಯ ಒಂದು ಪಾಲು ಇಟಕೋನಿಕ್ ಆಮ್ಲವೆಂಬ ಆಯುಧವಾಗುತ್ತದೆ. ಕೊಬ್ಬನ್ನುಂಡು ಬಾಳಲು ರೋಗಾಣುವಿಗೆ ಅಗತ್ಯವಾದ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆ. ಇದನ್ನು ತಯಾರಿಸುವ ನಮ್ಮ ಕೋಶದ ಕಿಣ್ವ ಯಾವುದೆಂದು ವಿಜ್ಞಾನಿಗಳಿಗೆ ತಿಳಿದದ್ದು 2013ರಲ್ಲಿ.

ವೈರಿಯೂ ದಡ್ಡನಲ್ಲ. ಆ ಆಮ್ಲವನ್ನೇ ಒಡೆದು ನಿರುಪದ್ರವಿಯಾಗಿಸುವ ವಿದ್ಯೆ ಕ್ಷಯಾಣುವಿಗೆ ಗೊತ್ತು. ಆದುದರಿಂದ ಕಾವಲುಗಾರನೊಬ್ಬನನ್ನೇ ನಂಬಿ ಕೂರುವಂತಿಲ್ಲ. ಅವನಿಗೆ ಔಷಧದ ಬೆಂಬಲ ಬೇಕು. ಕೆಮ್ಮು ಅಡಗಿದೊಡನೆ ಮಾತ್ರೆಯನ್ನು ನಡುವೆ ಕೈಬಿಡುವವರು ಈ ಮಾತನ್ನು ನೆನೆಯಬೇಕು. ಮನೆಯವರಿಗೆ ಕೆಮ್ಮು ಕೇಳಿಸದಿರಬಹುದು. ಕೋಶದೊಳಗಿನ ಒಲೆ ಮಾತ್ರ ಇನ್ನೂ ಉರಿಯುತ್ತಿರುತ್ತದೆ.