ಓನರ್ಸ್ ರಿಸ್ಕ್ ಅಂತೆ... ಯಾವ ಓನರ್ ಸ್ವಾಮಿ?

ಲಾರಿ ಆಫೀಸಿನವರು ಕೊಡುವ ರಸೀದಿಯನ್ನು ನೀವು ಯಾವತ್ತಾದರೂ ಪೂರ್ತಿ ಓದಿದ್ದೀರಾ? ನಮ್ಮ ಕಡೆ ಅದಕ್ಕೆ ಬಿಲ್ಟಿ ಅಂತಾರೆ, ಆಫೀಸಿನವರ ಬಾಯಲ್ಲಿ ಎಲ್‌ಆರ್. ಮನೆ ಬದಲಿಸುವಾಗಲೋ ಬೈಕನ್ನು ಊರಿಗೆ ಕಳಿಸುವಾಗಲೋ ನಿಮ್ಮ ಕೈಗೂ ಬಂದಿರುತ್ತೆ. ತೆಳ್ಳನೆಯ ಹಾಳೆ, ಹಿಂದುಗಡೆ ಇರುವೆ ಸಾಲಿನಂಥ ಇಂಗ್ಲಿಷು, ಮುಂದುಗಡೆ ಅಡ್ಡಕ್ಕೆ ಒಂದು ರಬ್ಬರ್ ಸ್ಟಾಂಪು: 'ಅಟ್ ಓನರ್ಸ್ ರಿಸ್ಕ್'. ನಾನೂ ಓದಿರಲಿಲ್ಲ. ದಿನಕ್ಕೆ ಹತ್ತು ಸಲ 'ಐ ಅಗ್ರೀ' ಒತ್ತಿ ಮುಂದೆ ಹೋಗುವ ಜಾತಿ ನಮ್ಮದು, ಬಿಲ್ಟಿ ಓದ್ತೀವಾ? ಕಳೆದ ವರ್ಷ ಮೇ ತಿಂಗಳಲ್ಲಿ ಮಾತ್ರ ಓದಲೇಬೇಕಾಗಿ ಬಂತು.

ನಮ್ಮ ಮಾಮಾ ಇರೋದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಊರು. ಅಲ್ಲಿಯ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಪೇಪರಿನವರು ವರ್ಷಕ್ಕೊಮ್ಮೆ ಅದರ ಬಗ್ಗೆ ಬರೀತಾರೆ. ಗಿಡ ನೆಟ್ಟು ಗೊನೆ ಕಡಿಯೋಕೆ ಮಾಮೂಲಿ ಬಾಳೆಗಿಂತ ಬಹಳ ಹೆಚ್ಚು ದಿನ ಕಾಯಬೇಕು. ಅಷ್ಟು ಕಾಯ್ದು ದಲ್ಲಾಳಿ ಹೇಳಿದ ರೇಟಿಗೆ ಕೊಡೋದು ಯಾಕೆ ಅಂತ ನಾನೇ ಮಾಮಾನ ತಲೆ ತಿಂದು ಬೆಂಗಳೂರಿನ ಒಂದು ಹಣ್ಣಿನಂಗಡಿ ಗೊತ್ತು ಮಾಡಿಕೊಟ್ಟೆ. ನಲವತ್ತು ಕ್ರೇಟು, ಕ್ರೇಟಿಗೆ ಸಾವಿರ ರೂಪಾಯಿ. ಟೆಂಪೋದಲ್ಲಿ ಕಲಬುರಗಿಗೆ ತಂದು ಗಂಜ್ ಕಡೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕ್ ಮಾಡಿದ್ದಾಯ್ತು. ಕ್ರೇಟಿಗೆ ಅರವತ್ತರಂತೆ ಬಾಡಿಗೆ 2,400. ಶುಕ್ರವಾರ ಸಂಜೆ. "ನಾಳಿ ರಾತ್ರಿ ಗಾಡಿ ಬಿಡ್ತದ್ರಿ, ಆಯ್ತವಾರ ಮುಂಜಾನಿ ಬೆಂಗ್ಳೂರಾಗ" ಅಂದ್ರು.

ಗಾಡಿ ಬಿಡಲಿಲ್ಲ. ಲೋಡ್ ತುಂಬಿರಲಿಲ್ಲವಂತೆ. ಸೋಮವಾರ ರಾತ್ರಿಯವರೆಗೆ ಮಾಲು ತಗಡಿನ ಗೋದಾಮಿನಲ್ಲಿ ಕೂತಿತ್ತು. ಕಲಬುರಗಿಯ ಮೇ ತಿಂಗಳು, ತಗಡಿನ ಶೆಡ್ಡು. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ, ಮಲೆನಾಡಿನ ಬ್ಲಾಗಿಗರು ಒಲೆಯ ಮೇಲಿನ ಹಂಚು ನೆನೆಸಿಕೊಳ್ಳಿ. ಬುಧವಾರ ಬೆಂಗಳೂರಲ್ಲಿ ಕ್ರೇಟ್ ಬಿಚ್ಚಿದಾಗ ನಾನೂ ಇದ್ದೆ. ಅಂಗಡಿಯವರು ಒಂಬತ್ತು ಕ್ರೇಟ್ ಇಳಿಸಿಕೊಂಡರು. ಮೂವತ್ತೊಂದು ಕ್ರೇಟು ಕರಿ ಮುದ್ದೆ.

ಕಲಬುರಗಿಗೆ ಫೋನ್ ಮಾಡಿದರೆ ಮೊದಲು ಬಂದ ಉತ್ತರ: "ಓನರ್ಸ್ ರಿಸ್ಕ್ ಅಂತ ಬರ್ದದಲ್ರೀ." ಮಾಮಾನಿಗೆ ಹೇಳಿದೆ. ಅವನೂ ಅದನ್ನೇ ಅಂದ. "ಬರ್ದಾರಲ್ಲ ತಮ್ಮಾ, ಇನ್ನೇನ್ ಮಾಡ್ಲಿಕ್ಕಾಗ್ತದ." ನನಗೆ ಸಿಟ್ಟು ಬಂದದ್ದು ಆಫೀಸಿನವರ ಮಾತಿಗಲ್ಲ, ಇದಕ್ಕೆ. ಒಂದು ರಬ್ಬರ್ ಸ್ಟಾಂಪಿಗೆ ಎಷ್ಟು ಶಕ್ತಿ ನೋಡಿ! ಮಾಲು ಅವರ ಗೋದಾಮಿನಲ್ಲಿ, ಬೀಗ ಅವರ ಕೈಯಲ್ಲಿ, ಗಾಡಿ ಯಾವಾಗ ಬಿಡಬೇಕು ಅನ್ನೋ ತೀರ್ಮಾನ ಅವರದು. ಮೂವತ್ತೈದು ಕಿಲೋಮೀಟರ್ ದೂರದಲ್ಲಿ ಕಮಲಾಪುರದ ಕಟ್ಟೆ ಮೇಲೆ ಕೂತವನದು ರಿಸ್ಕು.

ಅವತ್ತಿನಿಂದ ಎರಡು ವಾರ, ಆಫೀಸಿನ ಕೆಲಸದ ಮಧ್ಯೆ ಇದನ್ನೇ ಓದಿದೆ. ನಾನು ವಕೀಲನಲ್ಲ, ಕೋಡ್ ಬರೆಯುವವನು. ಆದರೆ ಕಾಯಿದೆ ಅನ್ನೋದೂ ಒಂಥರಾ ಕೋಡೇ, ಇಫ್-ಎಲ್ಸ್ ಹುಡುಕಿಕೊಂಡು ಹೋದರೆ ಅರ್ಥ ಆಗುತ್ತೆ :)

ಮೊದಲು ಸ್ಟಾಂಪಿನ ಕಥೆ. 1865ರ ಕ್ಯಾರಿಯರ್ಸ್ ಆಕ್ಟ್ ಹೋಗಿ ಈಗ ಇರೋದು 2007ರ ಕ್ಯಾರಿಯೇಜ್ ಬೈ ರೋಡ್ ಆಕ್ಟ್. ಪಾರ್ಲಿಮೆಂಟಿನಲ್ಲಿ ಪಾಸಾಗಿ ಜಾರಿಗೆ ಬರೋಕೆ 2011ರ ಮಾರ್ಚ್ ಆಯ್ತು. ಅದರ ಪ್ರಕಾರ ಮಾಲು ಕಳೆದರೆ, ಒಡೆದರೆ, ಕೆಟ್ಟರೆ ಸಾಗಣೆದಾರನೇ ಹೊಣೆ. ತಪ್ಪಿಸಿಕೊಳ್ಳೋಕೆ ಕೆಲವೇ ಬಾಗಿಲುಗಳು: ದೈವಾಧೀನ ಘಟನೆ, ಯುದ್ಧ, ಗಲಭೆ, ಸರ್ಕಾರದ ಆದೇಶ ಇಂಥವು. ಅವೂ ಸುಮ್ಮನೆ ತೆರೆಯಲ್ಲ, ಎಚ್ಚರ ವಹಿಸಿದ್ದರೆ ತಪ್ಪಿಸಬಹುದಿತ್ತು ಅಂತಾದರೆ ಹೊಣೆ ಮತ್ತೆ ಅವನದೇ. ಆ ಪಟ್ಟಿಯಲ್ಲಿ ರಬ್ಬರ್ ಸ್ಟಾಂಪ್ ಇಲ್ಲ. ಸಾಗಣೆದಾರನ ನಿರ್ಲಕ್ಷ್ಯವನ್ನು ಮಾಲು ಕಳಿಸಿದವನು ಸಾಬೀತು ಮಾಡಬೇಕಾಗಿಯೂ ಇಲ್ಲ. ಹಳೇ ಕಾಯಿದೆ ಇದ್ದಾಗಲೇ, ಬೆಂಕಿಗೆ ಆಹುತಿಯಾದ ಸರಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಹೇಳಿದೆ: 'ಓನರ್ಸ್ ರಿಸ್ಕ್' ಅಂತ ಬರೆದ ಮಾತ್ರಕ್ಕೆ ಸಾಗಣೆದಾರನ ನಿರ್ಲಕ್ಷ್ಯ ಮಾಫಿ ಆಗೋದಿಲ್ಲ. ಆದರೂ ಸ್ಟಾಂಪ್ ಬೀಳ್ತಾನೇ ಇದೆ. ಯಾಕಂದ್ರೆ ಅದು ಕೋರ್ಟಿಗೋಸ್ಕರ ಹೊಡೆಯೋ ಸ್ಟಾಂಪಲ್ಲ, ನಮ್ಮ ಮಾಮಾನಿಗೋಸ್ಕರ.

ಕೆಳಗೆ ಇನ್ನೊಂದು ಸಾಲು ಇರುತ್ತೆ, 'ಸಬ್ಜೆಕ್ಟ್ ಟು ಮುಂಬೈ ಜ್ಯೂರಿಸ್ಡಿಕ್ಷನ್' ಅಂತ. ಕಮಲಾಪುರದ ಬಾಳೆಗೂ ಮುಂಬೈಗೂ ಎಲ್ಲಿಂದೆಲ್ಲಿಯ ಸಂಬಂಧ! ತಮಿಳುನಾಡಿನ ಬೋಡಿನಾಯಕನೂರಿನಿಂದ ದೆಹಲಿಗೆ ಹೊರಟ ಏಲಕ್ಕಿ ಬೆಂಕಿಯಲ್ಲಿ ಹಾಳಾದಾಗಲೂ ಬಿಲ್ಟಿಯಲ್ಲಿ ಇಂಥದ್ದೇ ಸಾಲು ಇತ್ತು. ಬುಕ್ ಮಾಡಿದ ಊರಿನಲ್ಲಿ ಕಂಪನಿಯ ಬ್ರಾಂಚ್ ಇದ್ದು ವ್ಯವಹಾರ ಅಲ್ಲಿ ನಡೆದಿರುವಾಗ, ಹೆಡ್ ಆಫೀಸ್ ಅಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಮುಂಬೈ ಕೋರ್ಟಿಗೆ ಅಧಿಕಾರ ಬರಲ್ಲ, ಇಲ್ಲದ ಅಧಿಕಾರವನ್ನು ಒಪ್ಪಂದದಿಂದ ಕೊಡೋಕೂ ಆಗಲ್ಲ ಅಂತ 1991ರಲ್ಲೇ ತೀರ್ಪಾಗಿದೆ. ಆ ಸಾಲು ಇವತ್ತಿಗೂ ಪ್ರಿಂಟ್ ಆಗ್ತಿದೆ.

ಇಲ್ಲಿಯವರೆಗೆ ಓದಿದಾಗ ನಾನು ಕುಣಿದಾಡಿದ್ದೆ. ಆಮೇಲೆ ಓದಿದ್ದು ಹೊಟ್ಟೆ ಉರಿಸಿತು.

ಬಿಲ್ಟಿಯಲ್ಲಿ ದಪ್ಪಕ್ಷರದಲ್ಲಿ ಕಿರುಚುವುದಕ್ಕೆ ಬೆಲೆ ಇಲ್ಲ, ಖಾಲಿ ಬಿಟ್ಟ ಕಾಲಂಗಳಿಗೆ ಇದೆ. ಕಾಯಿದೆ ಪ್ರಕಾರ ಮಾಲು ಕಳಿಸುವವನು ಮೊದಲು 'ಗೂಡ್ಸ್ ಫಾರ್ವರ್ಡಿಂಗ್ ನೋಟ್' ಅಂತ ಒಂದು ಫಾರಂ ತುಂಬಬೇಕು, ಅದರಲ್ಲಿ ಸರಕಿನ ಮೌಲ್ಯ ಬರೆಯಬೇಕು. ಆ ಫಾರಂ ನಮ್ಮ ಮಾಮಾ ಜನ್ಮದಲ್ಲಿ ನೋಡಿಲ್ಲ. ಗುಮಾಸ್ತ ಬರೆದದ್ದು 'ಫ್ರೂಟ್ಸ್, 40 ಕ್ರೇಟ್' ಅಷ್ಟೇ. ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಒಂದು ಮಾತು: ಇಲ್ಲಿ ಖಾಲಿ ಅಂದ್ರೆ ನಲ್ ಅಲ್ಲ ಗುರು, ಡೀಫಾಲ್ಟ್ ವ್ಯಾಲ್ಯೂ ಇದೆ. ಮೌಲ್ಯ ಬರೆಸಿ, ಹೆಚ್ಚಿನ ರಿಸ್ಕಿಗೆ ಹೆಚ್ಚಿನ ದರ ಕೊಡ್ತೀನಿ ಅಂತ ಒಪ್ಪಿಕೊಳ್ಳದಿದ್ದರೆ ಪರಿಹಾರದ ಮಿತಿ ಬಾಡಿಗೆಯ ಹತ್ತು ಪಟ್ಟು. 2011ರ ನಿಯಮಗಳು ಹಾಕಿದ ಡೀಫಾಲ್ಟ್ ಅದು.

ಈ ಹತ್ತು ಪಟ್ಟಿನ ತಮಾಷೆ ನೋಡಿ. ಬೆಂಗಳೂರಿಗೆ ಬಾಡಿಗೆ 2,400, ಮಿತಿ 24,000. ಅದೇ ನಲವತ್ತು ಕ್ರೇಟನ್ನು ಕಮಲಾಪುರದಿಂದ ಕಲಬುರಗಿಗೆ ಕ್ರೇಟಿಗೆ ಹದಿನೈದರಂತೆ ಬಿಲ್ಟಿ ಮಾಡಿ ಕಳಿಸಿದ್ದರೆ ಬಾಡಿಗೆ 600, ಮಿತಿ 6,000. ದೆಹಲಿಗೆ ಎಂಟು ಸಾವಿರ ಬಾಡಿಗೆ ಕೊಟ್ಟು ಕಳಿಸಿದರೆ ಮಿತಿ 80,000, ಮಾಲಿನ ಬೆಲೆಯ ಎರಡರಷ್ಟು! ಹಣ್ಣು ಅದೇ, ಗೊನೆ ಅದೇ, ರೈತ ಅವನೇ. ಹತ್ತಿರದಲ್ಲಿ ಹಾಳಾದರೆ ಅಗ್ಗ, ದೂರದಲ್ಲಿ ಹಾಳಾದರೆ ತುಟ್ಟಿ. ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ರಸ್ತೆಯಲ್ಲಿ ಹೋಗುವ ಸರಕಿಗೆ 1956ರ ಸಿಎಂಆರ್ ಒಪ್ಪಂದ ಇದೆ. ಅಲ್ಲಿ ಮಿತಿ ತೂಕದ ಮೇಲೆ, ಕೆಜಿಗೆ 8.33 ಎಸ್‌ಡಿಆರ್, ನಮ್ಮ ದುಡ್ಡಿನಲ್ಲಿ ಒಂಬೈನೂರು ರೂಪಾಯಿಗೂ ಮೇಲೆ. ಅದೇ ನ್ಯಾಯ ಅಂತ ನಾನು ಹೇಳ್ತಿಲ್ಲ. ಆದರೆ ತೂಕಕ್ಕೂ ಮಾಲಿಗೂ ಏನೋ ಒಂದು ಸಂಬಂಧ ಇದೆ. ಲಾರಿ ಎಷ್ಟು ದೂರ ಓಡಿತು ಅನ್ನೋದಕ್ಕೂ ಬಾಳೆಹಣ್ಣಿನ ಬೆಲೆಗೂ ಏನು ಸಂಬಂಧ?

ಎರಡನೇ ಖಾಲಿ ಕಾಲಂ ಇನ್ನೂ ಕೆಟ್ಟದ್ದು: ಎಷ್ಟು ದಿನದಲ್ಲಿ ತಲುಪಿಸಬೇಕು ಅನ್ನೋದು. ಇಬ್ಬರೂ ಒಪ್ಪಿ ಬರೆದ ಅವಧಿಯೊಳಗೆ ತಡವಾಗಿ ನಷ್ಟವಾದರೆ ಪರಿಹಾರ ಬಾಡಿಗೆಯಷ್ಟು ಮಾತ್ರ. ಅವಧಿ ದಾಟಿದರೆ ಆ ಹತ್ತು ಪಟ್ಟಿನ ಲೆಕ್ಕ ಶುರು. ಅವಧಿಯನ್ನೇ ಬರೆಯದಿದ್ದರೆ? ಆಫೀಸಿನವರು ಇದನ್ನೇ ಹಿಡಿದರು. "ಆಯ್ತವಾರ ಅಂತ ಎಲ್ಲಿ ಬರ್ದದ, ತೋರಸ್ರಿ." ಎಲ್ಲೂ ಬರೆದಿರಲಿಲ್ಲ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗಿತ್ತು.

ಇನ್ಶೂರೆನ್ಸ್ ಮಾಡಿಸಬೇಕಿತ್ತು ಅಂತ ಕಾಮೆಂಟ್ ಬರೆಯೋಕೆ ಹೊರಟವರು ಒಂದು ನಿಮಿಷ ನಿಲ್ಲಿ. ಭೂಸಾಗಣೆಯ ಪಾಲಿಸಿಗಳಲ್ಲಿ ಎ, ಬಿ, ಸಿ ಅಂತ ಬೇರೆ ಬೇರೆ ಷರತ್ತುಗಳಿವೆ. ಎಲ್ಲಕ್ಕಿಂತ ವಿಶಾಲವಾದ 'ಎ' ತಗೊಂಡರೂ ತಡದಿಂದಾದ ನಷ್ಟ ಹೊರಗೆ, ಸರಕಿನ ಸ್ವಭಾವದಿಂದಲೇ ಆಗುವ ಹಾಳೂ ಹೊರಗೆ. ಹಣ್ಣು ಹಣ್ಣಾಗೋದು ಅದರ ಸ್ವಭಾವವಂತೆ! ಗಂಜಿನ ತೊಗರಿಬೇಳೆ ಚೀಲಕ್ಕೆ ಆ ಪಾಲಿಸಿ ಸರಿ, ಬಾಳೆಗೆ ಅದು ಛತ್ರಿಯ ಚಿತ್ರ ಇದ್ದಂಗೆ.

ಟ್ರಾನ್ಸ್‌ಪೋರ್ಟಿನವರ ಕಡೆಯ ಮಾತೂ ಇದೆ, ಮರೆಮಾಚಲ್ಲ. ಕ್ರೇಟಿಗೆ ಅರವತ್ತು ರೂಪಾಯಿ ತಗೊಂಡು ಸಾವಿರ ರೂಪಾಯಿಗೆ ಯಾರು ಗ್ಯಾರಂಟಿ ಕೊಡ್ತಾರೆ? ಡೀಸೆಲ್ಲು, ಟೋಲು, ಹಮಾಲಿ ಕಳೆದು ಅವರಿಗೆ ಉಳಿಯೋದೂ ಅಷ್ಟರಲ್ಲೇ ಇದೆ. ಸರಿ, ಒಪ್ಪಿದೆ. ಹಂಗಾದ್ರೆ ಹೆಚ್ಚು ತಗೊಳ್ಳಿ ಸ್ವಾಮಿ! ಕಾಯಿದೆಯೇ ದಾರಿ ಕೊಟ್ಟಿದೆ. ಹೆಚ್ಚಿನ ರಿಸ್ಕಿಗೆ ಹೆಚ್ಚಿನ ದರ ಹಾಕಿ, ಜಾಸ್ತಿ ಹೊಣೆ ಹೊತ್ತುಕೊಳ್ಳಬಹುದು. ಒಂದೇ ಷರತ್ತು: ಆ ದರವನ್ನು ಆಫೀಸಿನಲ್ಲಿ ಕಾಣುವ ಹಾಗೆ ಇಂಗ್ಲಿಷಿನಲ್ಲೂ ರಾಜ್ಯದ ಭಾಷೆಯಲ್ಲೂ ಹಾಕಿರಬೇಕು. ಅಂದ್ರೆ ಇಲ್ಲಿ ಕನ್ನಡದಲ್ಲಿ. ಸ್ಥಳೀಯ ಭಾಷೆಯ ಈ ಮಾತು 1865ರ ಕಾಯಿದೆಯಲ್ಲೂ ಇತ್ತು. ಕನ್ನಡ ನಾಮಫಲಕದ ಬಗ್ಗೆ ನಾವು ಬ್ಲಾಗಿಗರು ಪುಟಗಟ್ಟಲೆ ಬರೆದಿದ್ದೀವಿ, ನಾನೂ ಬರೆದಿದ್ದೀನಿ. ಅಂಗಡಿ ಹೆಸರು ಯಾವ ಭಾಷೆಯಲ್ಲಿದ್ದರೂ ಯಾರ ದುಡ್ಡೂ ಮುಳುಗಲ್ಲ. ಈ ಬೋರ್ಡ್ ಇಲ್ಲದ್ದಕ್ಕೆ ಮೂವತ್ತೊಂದು ಸಾವಿರ ಮುಳುಗಿತು.

ನಾವು ಸಾಫ್ಟ್‌ವೇರಿನವರೂ ಸಾಚಾಗಳೇನಲ್ಲ. ಲೈಸೆನ್ಸಿನಲ್ಲಿ 'ಆ್ಯಸ್ ಈಸ್' ಅಂತ ಕ್ಯಾಪಿಟಲ್ ಅಕ್ಷರದಲ್ಲಿ ಬರೆದು ಕೈ ತೊಳೆದುಕೊಳ್ಳೋದು ನಮ್ಮ ಕಸುಬೇ. ಆದರೆ ನಾನು ಕೊಟ್ಟ ಕೋಡಿನ ಪ್ರತಿ ನಿಮ್ಮ ಹತ್ತಿರವೇ ಇರುತ್ತೆ, ಓಡಿಸಿ ನೋಡಬಹುದು. ಲಾರಿ ಹತ್ತಿದ ಬಾಳೆಗೆ ಬ್ಯಾಕಪ್ ಇಲ್ಲ.

ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡದೆ ದಾವಾ ಹೂಡುವಂತಿಲ್ಲ. (ಇದೊಂದನ್ನಾದರೂ ಎಲ್ಲರೂ ನೆನಪಿಟ್ಟುಕೊಳ್ಳಿ.) ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಮೊದಲು ಅರ್ಧ ಬಾಡಿಗೆ, 1,200 ವಾಪಸ್ ಕೊಡ್ತೀವಿ ಅಂದಿದ್ದವರು ನೋಟಿಸ್ ಮುಟ್ಟಿದ ಮೇಲೆ ಒಂಬತ್ತು ಸಾವಿರಕ್ಕೆ ಬಂದರು. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ನಾನು ಹಾರಾಡ್ತಿದ್ದೆ. 2019ರ ಗ್ರಾಹಕ ಕಾಯಿದೆಯಲ್ಲಿ 'ಅನ್ಯಾಯದ ಒಪ್ಪಂದ' ಅನ್ನೋದಕ್ಕೇ ಜಾಗ ಇದೆ. ಆದರೆ ಆ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಮಾಮಾ ಒಂಬತ್ತು ಸಾವಿರ ತಗೊಂಡ. "ಮುಂದಿನ ಗೊನಿ ಕಳಸೋದೂ ಅವ್ರ ಗಾಡಿಯಾಗೇ ಅಲ್ಲೇನೋ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ವರ್ಷ ಮತ್ತೆ ಬುಕ್ ಮಾಡುವಾಗ ನಾನೂ ಕಲಬುರಗಿಯಲ್ಲಿದ್ದೆ, ಜೊತೆಗೆ ಹೋದೆ. ಮಾಮಾ ಪೆನ್ನು ಇಸಿದುಕೊಂಡು ಮೌಲ್ಯದ ಕಾಲಂನಲ್ಲಿ 40,000 ಅಂತ ತಾನೇ ಬರೆದ, ಅದರ ಪಕ್ಕ ಕನ್ನಡದಲ್ಲಿ 'ಎರಡು ದಿವಸ'. ಗುಮಾಸ್ತ ಮಾಲೀಕನ ಮುಖ ನೋಡಿದ. ಮಾಲೀಕ "ಹಂಗ್ ಬರ್ದ್ರ ಬಾಡಗಿ ಹೆಚ್ಚಾಗ್ತದ್ರೀ" ಅಂದ. ಕೊಡ್ತೀವಿ, ಎಷ್ಟು ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ದರದ ಬೋರ್ಡ್ ಎಲ್ಲಿ ಅಂತ ಸುತ್ತ ನೋಡಿದರೆ ಗೋಡೆ ಮೇಲೆ ಟೈರ್ ಕಂಪನಿಯ ಕ್ಯಾಲೆಂಡರ್ ಒಂದೇ ಇತ್ತು. ಕೊನೆಗೆ ಹಳೇ ಬಾಡಿಗೆಗೇ ಬಿಲ್ಟಿ ಹರಿದು ಕೊಟ್ಟರು. ಹೆಚ್ಚಿನ ದರ ಇಲ್ಲ ಅಂದ ಮೇಲೆ 40,000 ಅಂತ ಬರೆದರೂ ಮಿತಿ ಮತ್ತೆ ಅದೇ ಹತ್ತು ಪಟ್ಟು. 'ಎರಡು ದಿವಸ' ಮಾತ್ರ ಉಳಿಯಿತು. ಅದರ ಮೇಲೆಯೇ ಸ್ಟಾಂಪ್ ಬಿತ್ತು.

ನಿಮ್ಮೂರಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಆ ದರದ ಬೋರ್ಡು, ಕನ್ನಡದಲ್ಲಿ, ಎಲ್ಲಾದರೂ ಕಂಡರೆ ಫೋಟೋ ತೆಗೆದು ನಿಮ್ಮ ಬ್ಲಾಗಿನಲ್ಲಿ ಹಾಕಿ, ಕೊಂಡಿ ಇಲ್ಲಿ ಕಾಮೆಂಟಿನಲ್ಲಿ ಕೊಡಿ. ನಾನಂತೂ ಕಲಬುರಗಿಯಲ್ಲಿ ಏಳು ಆಫೀಸು ಸುತ್ತಿದೆ, ಒಂದೂ ಸಿಗಲಿಲ್ಲ.