ಬಿಡುಗಡೆ ಯಾರಿಗೆ?

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ ನಮ್ಮ ಅತ್ತೆಯನ್ನು ಒಂದು ಶನಿವಾರ ಮನೆಗೆ ಕಳುಹಿಸಿದರು. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರರು "ಇವತ್ತು ಡಿಸ್ಚಾರ್ಜ್" ಎಂದರು. ಮಧ್ಯಾಹ್ನದೊಳಗೆ ಬಿಲ್ಲು ಕಟ್ಟಿದೆವು, ಮಾತ್ರೆಗಳ ಚೀಟಿ ಕೈಗೆ ಬಂತು. ರಿಕ್ಷಾ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಉಳ್ಳಾಲದ ಕಡೆಗೆ ತಿರುಗುವಾಗ ಅತ್ತೆ ನನ್ನ ಕೈ ಹಿಡಿದು, "ನೀವು ಯಾರ ಮನೆಯವರು? ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಬೆಂದವರು ನಾವು.

ಸೇರಿಸಿದ್ದು ಮೂತ್ರದ ಸೋಂಕಿನ ಜ್ವರಕ್ಕೆ. ಜ್ವರವೇನೋ ಬಿಟ್ಟಿತ್ತು. ಆದರೆ ಮೊದಲೇ ಇದ್ದ ಮರೆವು ನಾಲ್ಕು ಪಾಲಾಗಿತ್ತು. ಆ ರಾತ್ರಿ ಬಾವಿಯಿಂದ ನೀರು ಸೇದಬೇಕೆಂದು ಮೂರು ಸಲ ಎದ್ದರು. ಮೂರನೆಯ ಸಲ ಬಿದ್ದರು. ಮರೆವಿನ ಕಾಯಿಲೆಯವರಿಗೆ ಸೋಂಕು ತಗಲಿದರೆ, ಹೊಸ ಜಾಗದಲ್ಲಿ ಮಲಗಿಸಿದರೆ, ದಿಢೀರನೆ ಗೊಂದಲ ಕವಿಯುತ್ತದೆ, ಅದು ಇಳಿಯಲು ವಾರಗಳೇ ಬೇಕಾಗಬಹುದು ಎಂಬುದು ನನಗೆ ತಿಳಿದದ್ದು ತಿಂಗಳ ಮೇಲೆ. ಚೀಟಿಯಲ್ಲಿ ಏಳು ಮಾತ್ರೆಗಳ ಹೆಸರಿತ್ತು, ಇದರ ಬಗ್ಗೆ ಒಂದಕ್ಷರವಿರಲಿಲ್ಲ.

ಕೇಳಬಹುದಿತ್ತಲ್ಲ ಎನ್ನುವಿರಿ. ಕೇಳಿದ್ದೆ. "ಪ್ರಾಯ ಆಯಿತಲ್ಲ ಅಮ್ಮ, ಮನೆಯಲ್ಲಿ ನೋಡಿಕೊಳ್ಳಿ" ಎಂಬ ಉತ್ತರ ಸಿಕ್ಕಿತು. ಮನೆ ಎಂದರೆ ಯಾರು? ಗೋಡೆಯೇ, ಮಾಡೇ? ಮನೆ ಎಂದರೆ ಸೊಸೆ. ಇಲ್ಲವಾದರೆ ಕೆಲಸ ಬಿಟ್ಟು ಬಂದ ಮಗಳು. ಬೀಡಿ ಕಟ್ಟಿ ಸಂಸಾರ ನಡೆಸುವವಳು ರಾತ್ರಿಯಿಡೀ ಎಚ್ಚರವಿದ್ದು ಹಗಲು ಎಷ್ಟು ಬೀಡಿ ಕಟ್ಟಿಯಾಳು ಎಂದು ಯಾವ ಡಾಕ್ಟರೂ ಕೇಳಿದ್ದಿಲ್ಲ.

ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುವ ಕಾಲ ಇದಲ್ಲ. ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲೇ ಇದು ಹೆಚ್ಚು. ಕಾಯಿಲೆಯೂ ನಮ್ಮದು, ಚಾಕರಿಯೂ ನಮ್ಮದು!

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 98ನೆಯ ಕಲಮು, ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ಅವರನ್ನು ನೋಡಿಕೊಳ್ಳುವವರೊಡನೆ ಸಮಾಲೋಚಿಸಿ ಮುಂದಿನ ಆರೈಕೆಯ ಯೋಜನೆ ಮಾಡಬೇಕೆಂದು ಮನೋವೈದ್ಯರಿಗೆ ವಿಧಿಸುತ್ತದೆ. ಅದೇ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪಿನ ತೊಂದರೆಯನ್ನೂ ಹೆಸರಿಸಿದೆ. ಆದರೆ ಇದೆಲ್ಲ ಮಾನಸಿಕ ಚಿಕಿತ್ಸೆ ಕೊಡುವಲ್ಲಿಗೆ ಮಾತ್ರ. ಜ್ವರಕ್ಕೋ ಮುರಿದ ಸೊಂಟಕ್ಕೋ ಸಾಮಾನ್ಯ ವಾರ್ಡು ಸೇರಿದ ಮುದುಕಿಯ ಮಂಚದವರೆಗೆ ಆ ಕಲಮು ಬರುವುದಿಲ್ಲ. ಮರೆವು ಮಾತ್ರ ವಾರ್ಡು ನೋಡಿ ಬರುವುದಿಲ್ಲವಲ್ಲ!

ಹಸುಗೂಸನ್ನು ಮನೆಗೆ ಕಳುಹಿಸುವಾಗ ಯಾವ ದಿನ ಯಾವ ಲಸಿಕೆ ಎಂದು ಕಾರ್ಡು ಬರೆದು ಕೊಡುತ್ತಾರೆ, ಹಾಲೂಡಿಸುವುದನ್ನು ಹೇಳಿಕೊಡುತ್ತಾರೆ. ಮರಳಿ ಮಗುವಾದವರಿಗೆ ಅಂಥದೊಂದು ಕಾರ್ಡು ಯಾಕಿಲ್ಲ? ಮನೆಯಲ್ಲಿ ಯಾರಿದ್ದಾರೆ, ಪಾಯಿಖಾನೆ ಎಷ್ಟು ದೂರ ಎಂದು ಸೇರಿಸಿದ ದಿನವೇ ಕೇಳಿ ಬರೆದುಕೊಳ್ಳಲಿ. ಕಳುಹಿಸುವುದನ್ನು ಎರಡು ದಿನ ಮುಂಚೆ ತಿಳಿಸಲಿ. ಎತ್ತಿ ಕೂರಿಸುವುದು, ಗಂಜಿ ನೆತ್ತಿಗೇರದಂತೆ ಕುಡಿಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಇಷ್ಟನ್ನು ಒಬ್ಬ ನರ್ಸು ಅರ್ಧ ಗಂಟೆ ಹೇಳಿಕೊಡಲಿ. ರಾತ್ರಿ ಹೆಚ್ಚುಕಡಿಮೆಯಾದರೆ ಕೇಳಲು ಒಂದು ಫೋನ್ ನಂಬರು ಕೊಡಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ತಪ್ಪು ನನ್ನದೂ ಇದೆ. ಅಂದು ತಲೆಯಾಡಿಸಿ ಚೀಲ ಎತ್ತಿಕೊಂಡೆ. ನೀವು ಹಾಗೆ ಮಾಡಬೇಡಿ. ಆ ಚೀಟಿ ಕೈಗೆ ಬಂದಾಗ ಅಲ್ಲಿಯೇ ಕುರ್ಚಿಯಲ್ಲಿ ಕೂತುಕೊಳ್ಳಿ. ಹೇಳಿಕೊಡುವವರೆಗೆ ಏಳಬೇಡಿ.